ರಾಜನ ಸವಾರಿ ಹೋದ ದಾರಿಯಲ್ಲಿ: ಟ್ಯೂಡರ್ ಕಾಲದ ಕ್ಯಾಸಲ್, ಮನೆಗಳನ್ನು ನೋಡುವ ಬಗೆ

ಇಂಗ್ಲೆಂಡಿಗೆ ಹೋದವರು ಒಂದೆರಡು ಕ್ಯಾಸಲ್ ನೋಡದೆ ವಾಪಸ್ ಬರುವುದಿಲ್ಲ. ವಿಂಡ್ಸರ್‌ಗೆ ಒಂದು ದಿನ, ಲಂಡನ್ ಟವರ್‌ಗೆ ಒಂದು ದಿನ. ಫೋಟೊಗಳೇನೋ ಚೆನ್ನಾಗಿ ಬರುತ್ತವೆ. ಆದರೆ ಯಾವ ಕೋಣೆ ಯಾವ ಊರಿನದು, ಯಾವ ರಾಣಿ ಯಾವ ರಾಜನ ಹೆಂಡತಿ ಅನ್ನುವುದೆಲ್ಲ ತಿಂಗಳೊಳಗೆ ಕಲಸಿಹೋಗುತ್ತದೆ. ಇದಕ್ಕೆ ಒಂದು ಒಳ್ಳೆಯ ದಾರಿ ಇದೆ. ಕ್ಯಾಸಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಬೇಡಿ. ರಾಜ ಒಂದು ಬೇಸಿಗೆಯಲ್ಲಿ ಕೈಗೊಂಡ ಒಂದು ಸವಾರಿಯನ್ನು ಆರಿಸಿ. ಅವನು ಮೊಕ್ಕಾಂ ಮಾಡಿದ ಊರುಗಳಿಗೆ ಅದೇ ಕ್ರಮದಲ್ಲಿ ಹೋಗಿ. ಆಗ ಮನೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ, ಕತೆ ಮನಸ್ಸಿನಲ್ಲಿ ನಿಲ್ಲುತ್ತದೆ.

1485ರಿಂದ 1603ರವರೆಗೆ ಇಂಗ್ಲೆಂಡ್ ಆಳಿದ ಟ್ಯೂಡರ್ ಮನೆತನದ ರಾಜರು ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಲಂಡನ್ ಬಿಟ್ಟು ಹೊರಡುತ್ತಿದ್ದರು. ಜುಲೈನಲ್ಲಿ ಹೊರಟರೆ ಸೆಪ್ಟೆಂಬರ್, ಕೆಲವೊಮ್ಮೆ ಅಕ್ಟೋಬರ್‌ವರೆಗೂ ತಿರುಗಾಟ. ಬೇಸಿಗೆಯಲ್ಲಿ ಲಂಡನ್‌ನಲ್ಲಿ ಪ್ಲೇಗ್ ಭಯ ಇರುತ್ತಿತ್ತು. ಅದು ಬೇಟೆಯ ಕಾಲವೂ ಹೌದು. ನೂರಾರು ಜನ ತಿಂಗಳುಗಟ್ಟಲೆ ಇದ್ದ ಅರಮನೆಯ ಶೌಚದ ಗುಂಡಿಗಳನ್ನು ಖಾಲಿ ಮಾಡಿಸಿ ಗಾಳಿಯಾಡಲು ಬಿಡಬೇಕಿತ್ತು. ಇದೆಲ್ಲದರ ಜೊತೆಗೆ ಪ್ರಜೆಗಳು ರಾಜನನ್ನು ಕಣ್ಣಾರೆ ನೋಡಬೇಕು, ಊರಿನ ದೊಡ್ಡ ಮನೆಯವರು ತಮ್ಮ ನಿಷ್ಠೆ ತೋರಿಸಬೇಕು. ಹಾಸಿಗೆ, ಪರದೆ, ಪಾತ್ರೆ, ಕಾಗದಪತ್ರ ಎಲ್ಲ ಗಾಡಿಗಳಲ್ಲಿ ಸಾಗುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ಮೈಲಿ ದಾಟಿದರೆ ಜಾಸ್ತಿ. ಮುಂದಾಗಿ ಹೋದ ಅಧಿಕಾರಿಗಳು ಯಾರಿಗೆ ಯಾವ ಕೋಣೆ ಎಂದು ಗೊತ್ತು ಮಾಡುತ್ತಿದ್ದರು. ಎಂಟನೇ ಹೆನ್ರಿಯಂತೂ ತನ್ನ ಮಲಗುವ ಕೋಣೆಯ ಬಾಗಿಲಿಗೆ ಹಾಕಿಸಲು ತನ್ನದೇ ಬೀಗ ಒಯ್ಯುತ್ತಿದ್ದ. ಅಂಥ ಒಂದು ಬೀಗವನ್ನು ಕೆಂಟ್‌ನ ಹೀವರ್ ಕ್ಯಾಸಲ್‌ನಲ್ಲಿ ಈಗಲೂ ನೋಡಬಹುದು.

ಮೊದಲ ಹೆಜ್ಜೆ: ಒಂದು ಸವಾರಿ ಆರಿಸಿ

ಆಯ್ಕೆಗೆ ಮೂರು ಒಳ್ಳೆಯ ಸವಾರಿಗಳಿವೆ. 1541ರಲ್ಲಿ ಹೆನ್ರಿ ತನ್ನ ಐದನೇ ಹೆಂಡತಿ ಕ್ಯಾಥರಿನ್ ಹೋವರ್ಡ್ ಜೊತೆ ಉತ್ತರದ ಯಾರ್ಕ್‌ವರೆಗೆ ಹೋದದ್ದು ಒಂದು. ಇದರಲ್ಲಿ ಲಿಂಕನ್, ಗೇನ್ಸ್‌ಬರೊ ಓಲ್ಡ್ ಹಾಲ್, ಪಾಂಟಿಫ್ರಾಕ್ಟ್, ಯಾರ್ಕ್ ಸಿಗುತ್ತವೆ. 1575ರಲ್ಲಿ ಮೊದಲನೇ ಎಲಿಜಬೆತ್ ಕೆನಿಲ್‌ವರ್ತ್‌ನಲ್ಲಿ ತನ್ನ ಆಪ್ತ ರಾಬರ್ಟ್ ಡಡ್ಲಿಯ ಅತಿಥಿಯಾಗಿ 19 ದಿನ ಇದ್ದದ್ದು ಇನ್ನೊಂದು. ಮೂರನೆಯದು 1535ರ ಬೇಸಿಗೆಯ ಸವಾರಿ. ಹೆನ್ರಿ ಮತ್ತು ಅವನ ಎರಡನೇ ಹೆಂಡತಿ ಆ್ಯನ್ ಬೊಲಿನ್ ವಿಂಡ್ಸರ್‌ನಿಂದ ಪಶ್ಚಿಮಕ್ಕೆ ಹೊರಟು ಗ್ಲಾಸ್ಟರ್‌ಶೈರ್ ಸುತ್ತಿ, ವಿಲ್ಟ್‌ಶೈರ್ ಹಾದು, ಹ್ಯಾಂಪ್‌ಶೈರ್ ಮೇಲೆ ವಾಪಸ್ ಬಂದರು.

ಮೊದಲ ಸಲ ಹೋಗುವವರಿಗೆ ನಾನು ಹೇಳುವುದು 1535ರದ್ದೇ. ಅವರು ಇಳಿದುಕೊಂಡ ಮನೆಗಳಲ್ಲಿ ಹಲವು ಇನ್ನೂ ನಿಂತಿವೆ. ಆ ಬೇಸಿಗೆಯ ಹಿಂದೆ ಮುಂದೆ ಏನಾಯಿತು ಎಂದು ತಿಳಿದಾಗ ಪ್ರತಿ ಕೋಣೆಗೂ ಒಂದು ತೂಕ ಬರುತ್ತದೆ. ಜುಲೈ 6ರಂದು ತನ್ನನ್ನು ಚರ್ಚಿನ ಮುಖ್ಯಸ್ಥ ಎಂದು ಒಪ್ಪದ ಹಳೆಯ ಮಂತ್ರಿ ಥಾಮಸ್ ಮೋರ್ ತಲೆ ಕಡಿಸಿದ ಹೆನ್ರಿ ಕೆಲವೇ ದಿನಗಳಲ್ಲಿ ಸವಾರಿ ಹೊರಟ. ಜೊತೆಯಲ್ಲಿದ್ದ ಆ್ಯನ್ ಮುಂದಿನ ವರ್ಷ ಮೇ 19ಕ್ಕೆ ತಾನೇ ಕತ್ತಿಗೆ ತಲೆ ಕೊಟ್ಟಳು. ಆ ದಾರಿಯಲ್ಲಿ ಆತಿಥ್ಯ ಮಾಡಿದ ಒಂದು ಮನೆಯ ಮಗಳೇ ಅವಳ ನಂತರದ ರಾಣಿ.

ಎರಡನೆಯದು: ದಿನಾಂಕ ಗೊತ್ತು ಮಾಡಿ

ವಿಮಾನದ ಟಿಕೆಟ್‌ಗಿಂತ ಮುಂಚೆ ಮಾಡಬೇಕಾದ ಕೆಲಸ ಇದು. ಈ ದಾರಿಯಲ್ಲಿ ತುಂಬಾ ಕಡಿಮೆ ದಿನ ತೆರೆದಿರುವ ಮನೆ ಆ್ಯಕ್ಟನ್ ಕೋರ್ಟ್. ಬೇಸಿಗೆಯಲ್ಲಿ ಕೆಲವೇ ದಿನ ಅಲ್ಲಿ ಗೈಡ್ ಜೊತೆ ಒಳಗೆ ಬಿಡುತ್ತಾರೆ. ಆ ವರ್ಷದ ದಿನಗಳನ್ನು ಅವರ ವೆಬ್‌ಸೈಟಿನಲ್ಲಿ ನೋಡಿ, ಮೊದಲು ಆ ಟಿಕೆಟ್ ತೆಗೆದುಕೊಳ್ಳಿ. ಮಿಕ್ಕ ಊರುಗಳನ್ನು ಅದರ ಹಿಂದೆ ಮುಂದೆ ಜೋಡಿಸಿ.

ಇನ್ನು ಕೆಲವು ಸಂಗತಿ ಲೆಕ್ಕಕ್ಕಿರಲಿ. ವಿಂಡ್ಸರ್ ಕ್ಯಾಸಲ್ ಸಾಮಾನ್ಯವಾಗಿ ಮಂಗಳವಾರ, ಬುಧವಾರ ಮುಚ್ಚಿರುತ್ತದೆ. ಅದರೊಳಗಿನ ಸೇಂಟ್ ಜಾರ್ಜ್ ಚಾಪೆಲ್‌ಗೆ ಭಾನುವಾರ ಪ್ರವಾಸಿಗಳನ್ನು ಬಿಡುವುದಿಲ್ಲ, ಪ್ರಾರ್ಥನೆಗೆ ಬಂದವರಿಗೆ ಮಾತ್ರ ಪ್ರವೇಶ. ಸೂಡ್ಲಿ ಮತ್ತು ಬಾರ್ಕ್ಲಿ ಕ್ಯಾಸಲ್‌ಗಳು ಚಳಿಗಾಲದಲ್ಲಿ ಬಾಗಿಲು ಹಾಕುತ್ತವೆ. ಬಾರ್ಕ್ಲಿ ಬೇಸಿಗೆಯಲ್ಲೂ ವಾರದ ಎಲ್ಲ ದಿನ ತೆಗೆದಿರುವುದಿಲ್ಲ. ಇವು ಇಂದಿಗೂ ಖಾಸಗಿ ಮನೆತನದವರ ಕೈಯಲ್ಲಿವೆ. ಮದುವೆ, ಸಿನಿಮಾ ಚಿತ್ರೀಕರಣಕ್ಕೆ ಇದ್ದಕ್ಕಿದ್ದಂತೆ ಮುಚ್ಚುವುದೂ ಉಂಟು. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಎಲ್ಲ ಕಡೆಯೂ ಮುಚ್ಚುವ ಹೊತ್ತಿಗಿಂತ ಬಹಳ ಮುಂಚೆಯೇ ಕೊನೆಯ ಪ್ರವೇಶ ಮುಗಿದಿರುತ್ತದೆ, ಅದನ್ನೂ ಗಮನಿಸಿ.

ಊರಿನಿಂದ ಹೋಗುವವರಿಗೆ ವೀಸಾ ಬೇಕು, ಅದಕ್ಕೂ ಸಮಯ ಬಿಡಿ. ಒಳ್ಳೆಯ ತಿಂಗಳು ಯಾವುದು ಅಂದರೆ ಜೂನ್, ಜುಲೈ. ಕತ್ತಲಾಗುವುದು ತಡ, ದಿನಕ್ಕೆ ಎರಡು ಕಡೆ ನಿಧಾನವಾಗಿ ನೋಡಬಹುದು.

ಮೂರನೆಯದು: ಹೋಗುವುದು ಹೇಗೆ

ಕಾರು ಇದ್ದರೆ ಸುಲಭ. ಭಾರತದ ಲೈಸೆನ್ಸ್ ಮೇಲೆ ಅಲ್ಲಿ ಒಂದು ವರ್ಷದವರೆಗೆ ಓಡಿಸಬಹುದು, ರಸ್ತೆಯ ಎಡಗಡೆಯೇ ಹೋಗುವುದರಿಂದ ಕೈ ಬೇಗ ಒಗ್ಗುತ್ತದೆ. ಹಳ್ಳಿ ರಸ್ತೆಗಳು ಮಾತ್ರ ತೀರಾ ಕಿರಿದು. ಎರಡೂ ಕಡೆ ಬೇಲಿ ಗಿಡ, ನಡುವೆ ಒಂದೇ ಕಾರು ಹಿಡಿಸುವಷ್ಟು ಜಾಗ. ಎದುರಿಗೆ ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೋಗಬೇಕಾಗುತ್ತದೆ. ನಕಾಶೆ ತೋರಿಸುವ ಸಮಯಕ್ಕಿಂತ ಅರ್ಧ ಗಂಟೆ ಹೆಚ್ಚೇ ಇಟ್ಟುಕೊಳ್ಳಿ.

ಕಾರಿಲ್ಲದೆಯೂ ಆಗುತ್ತದೆ. ಲಂಡನ್‌ನ ವಾಟರ್‌ಲೂ ಸ್ಟೇಷನ್‌ನಿಂದ ವಿಂಡ್ಸರ್‌ಗೆ ನೇರ ರೈಲಿದೆ. ವಿಂಚೆಸ್ಟರ್‌ಗೆ ವಾಟರ್‌ಲೂದಿಂದಲೇ ಸುಮಾರು ಒಂದು ಗಂಟೆ, ಅದೇ ದಾರಿಯಲ್ಲಿ ಬೇಸಿಂಗ್‌ಸ್ಟೋಕ್ ಸಿಗುತ್ತದೆ. ಪ್ಯಾಡಿಂಗ್ಟನ್‌ನಿಂದ ಚೆಲ್ಟನಮ್‌ಗೆ ಹೋಗಿ, ಅಲ್ಲಿಂದ ಬಸ್ಸಿನಲ್ಲಿ ಸೂಡ್ಲಿ ಇರುವ ವಿಂಚ್‌ಕೂಮ್ ತಲುಪಬಹುದು. ಥಾರ್ನ್‌ಬರಿಗೆ ಬ್ರಿಸ್ಟಲ್‌ನಿಂದ ಬಸ್ಸಿದೆ. ಭಾನುವಾರ ಮಾತ್ರ ಹಳ್ಳಿ ಬಸ್ಸುಗಳನ್ನು ನಂಬಬೇಡಿ. ಬಾರ್ಕ್ಲಿ, ಆ್ಯಕ್ಟನ್ ಕೋರ್ಟ್‌ಗಳಿಗೆ ಬ್ರಿಸ್ಟಲ್‌ನಲ್ಲಿ ಉಳಿದುಕೊಂಡು ಒಂದು ದಿನದ ಮಟ್ಟಿಗೆ ಕಾರು ಬಾಡಿಗೆಗೆ ಪಡೆಯುವುದು ಲೇಸು. ಬಾರ್ಕ್ಲಿ, ಥಾರ್ನ್‌ಬರಿ, ಆ್ಯಕ್ಟನ್ ಮೂರೂ ಸುಮಾರು 25 ಕಿಲೋಮೀಟರ್ ಒಳಗೇ ಇವೆ.

ಈಗ ದಾರಿ

ವಿಂಡ್ಸರ್‌ನಲ್ಲಿ ಶುರು ಮಾಡಿ. ರಾಜಕೋಣೆಗಳನ್ನು ಬೇಗ ಮುಗಿಸಿ ಸೇಂಟ್ ಜಾರ್ಜ್ ಚಾಪೆಲ್‌ಗೆ ಹೋಗಿ. ಅಲ್ಲಿ ನಡುವಿನ ನೆಲದಲ್ಲಿ ಒಂದು ಕಪ್ಪು ಕಲ್ಲಿದೆ. ಅದರ ಕೆಳಗಿನ ನೆಲಮಾಳಿಗೆಯಲ್ಲಿ ಹೆನ್ರಿ ಮಲಗಿದ್ದಾನೆ, ಪಕ್ಕದಲ್ಲಿ ಅವನ ಮೂರನೇ ಹೆಂಡತಿ ಜೇನ್ ಸೀಮೋರ್. ಬದುಕಿದ್ದಾಗ ಅಷ್ಟು ದೊಡ್ಡ ಸಮಾಧಿಯ ಯೋಜನೆ ಹಾಕಿದವನಿಗೆ ಕೊನೆಗೆ ದಕ್ಕಿದ್ದು ಈ ಚಪ್ಪಡಿ. 1535ರಲ್ಲಿ ಇದೇ ಊರಿನಿಂದ ಆ್ಯನ್ ಜೊತೆ ಹೊರಟವನು ಈಗ ಜೇನ್ ಪಕ್ಕದಲ್ಲಿದ್ದಾನೆ. ಇದನ್ನು ಮೊದಲೇ ನೋಡಿಕೊಂಡು ಹೊರಟರೆ ಮುಂದಿನ ಊರುಗಳು ಬೇರೆ ರೀತಿ ಕಾಣುತ್ತವೆ.

ಅಲ್ಲಿಂದ ಸೂಡ್ಲಿ ಕ್ಯಾಸಲ್. ಸವಾರಿ ಇಲ್ಲಿಗೆ ಬಂದದ್ದು ಜುಲೈ ಕೊನೆಯಲ್ಲಿ. ಈಗ ನಿಂತಿರುವ ಕಟ್ಟಡದಲ್ಲಿ ಬಹುಭಾಗ ಆಮೇಲಿನದು ಅಥವಾ ದುರಸ್ತಿ ಕಂಡದ್ದು. ರಾಜನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧ ಮುಗಿದ ಮೇಲೆ, 1649ರಲ್ಲಿ, ಕ್ಯಾಸಲನ್ನು ಬೇಕೆಂದೇ ಕೆಡವಿ ಬಿಟ್ಟಿದ್ದರು. ಹೆನ್ರಿ, ಆ್ಯನ್ ಕಂಡದ್ದೇನು ಎಂದು ನೋಡಬೇಕಿದ್ದರೆ ಮೂರನೇ ರಿಚರ್ಡ್ ಕಟ್ಟಿಸಿದ ಔತಣದ ಹಾಲ್‌ನ ಅವಶೇಷದ ಹತ್ತಿರ ಹೋಗಿ. ಚಾವಣಿ ಇಲ್ಲ, ಎತ್ತರದ ಕಿಟಕಿಗಳ ಕಲ್ಲಿನ ಕೆತ್ತನೆ ಮಾತ್ರ ಉಳಿದಿದೆ, ಮೈಮೇಲೆಲ್ಲ ಬಳ್ಳಿ. ತೋಟದ ಪಕ್ಕದ ಸೇಂಟ್ ಮೇರಿ ಚರ್ಚ್ ಕೂಡ ಆಗಲೇ ಇತ್ತು.

ಆ ಚರ್ಚಿನಲ್ಲಿ ಸ್ವಲ್ಪ ಹೊತ್ತು ಕೂರಿ. ಹೆನ್ರಿಯ ಆರನೇ ಹೆಂಡತಿ ಕ್ಯಾಥರಿನ್ ಪಾರ್ ಸಮಾಧಿ ಇರುವುದು ಇಲ್ಲಿ. ಹೆನ್ರಿ ತೀರಿಕೊಂಡ ಮೇಲೆ ಆಕೆ ಜೇನ್ ಅಣ್ಣತಮ್ಮಂದಿರಲ್ಲಿ ಒಬ್ಬನಾದ ಥಾಮಸ್ ಸೀಮೋರ್‌ನನ್ನು ಮದುವೆಯಾಗಿ ಸೂಡ್ಲಿಗೆ ಬಂದಳು. ಹೆಣ್ಣು ಮಗು ಹೆತ್ತ ಕೆಲವೇ ದಿನಗಳಲ್ಲಿ, 1548ರ ಸೆಪ್ಟೆಂಬರ್ 5ರಂದು, ಬಾಣಂತಿಯಾಗಿದ್ದಾಗಲೇ ಹೋಗಿಬಿಟ್ಟಳು. ಕ್ಯಾಸಲ್ ಪಾಳುಬಿದ್ದ ಕಾಲದಲ್ಲಿ ಸಮಾಧಿ ಎಲ್ಲಿದೆ ಎಂದೇ ಜನ ಮರೆತಿದ್ದರು. 1782ರಲ್ಲಿ ಶವಪೆಟ್ಟಿಗೆ ಮತ್ತೆ ಸಿಕ್ಕಿತು. ಈಗ ಕಾಣುವ ಅಮೃತಶಿಲೆಯ ಸಮಾಧಿ 19ನೇ ಶತಮಾನದ್ದು. ಖಾಸಗಿ ಮನೆಯೊಂದರ ತೋಟದಲ್ಲಿ ಇಂಗ್ಲೆಂಡಿನ ರಾಣಿಯ ಸಮಾಧಿ ಇರುವುದು ಬಹಳ ಅಪರೂಪ.

ಕಾಲಿನಲ್ಲಿ ಶಕ್ತಿ ಇದ್ದರೆ ವಿಂಚ್‌ಕೂಮ್‌ನಿಂದ ಹೊಲಗಳ ನಡುವೆ ಹೇಲ್ಸ್ ಅಬ್ಬೆಗೆ ನಡೆದು ಹೋಗಿ, ಕಾಟ್ಸ್‌ವೋಲ್ಡ್ ವೇ ಕಾಲುದಾರಿ ಅತ್ತಲೇ ಹೋಗುತ್ತದೆ. ಕ್ರಿಸ್ತನ ರಕ್ತ ಎಂದು ನಂಬಿದ್ದ ಒಂದು ಸಣ್ಣ ಸೀಸೆಯನ್ನು ನೋಡಲು ದೂರದೂರದಿಂದ ಯಾತ್ರಿಕರು ಬರುತ್ತಿದ್ದ ಮಠ ಅದು. ಸವಾರಿ ವಿಂಚ್‌ಕೂಮ್‌ನಲ್ಲಿದ್ದಾಗ ಹೆನ್ರಿಯ ಮುಖ್ಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಬಂದು ಸೇರಿಕೊಂಡ. ಮಠಗಳ ತಪಾಸಣೆ ಶುರುವಾದದ್ದು ಆಗಲೇ. ಆಮೇಲೆ ರಾಜ ಮಠಗಳನ್ನು ಒಂದೊಂದಾಗಿ ಮುಚ್ಚಿಸಿದ, 1539ರ ಹೊತ್ತಿಗೆ ಹೇಲ್ಸ್ ಕೂಡ ಮುಚ್ಚಿಹೋಯಿತು. ಈಗ ಕಮಾನುಗಳು, ತಳಪಾಯದ ಗೆರೆಗಳು ಅಷ್ಟೇ ಉಳಿದಿವೆ. ಒಂದು ಗಂಟೆ ಸಾಕು.

ಗ್ಲಾಸ್ಟರ್‌ನಲ್ಲಿ ಈಗ ಕೆಥೆಡ್ರಲ್ ಆಗಿರುವುದು ಆಗ ಮಠ. ಅಲ್ಲಿ 14ನೇ ಶತಮಾನದ ರಾಜ ಎರಡನೇ ಎಡ್ವರ್ಡ್‌ನ ಸಮಾಧಿ ನೋಡಿಕೊಂಡೇ ಬಾರ್ಕ್ಲಿಗೆ ಹೋಗಿ, ಏಕೆಂದರೆ ಅವನು 1327ರಲ್ಲಿ ಸೆರೆಯಲ್ಲಿದ್ದು ಸತ್ತದ್ದು ಬಾರ್ಕ್ಲಿ ಕ್ಯಾಸಲ್‌ನಲ್ಲಿ. ಆ ಕೋಣೆ ಎಂದು ಒಂದನ್ನು ಈಗಲೂ ತೋರಿಸುತ್ತಾರೆ. 1535ರಲ್ಲಿ ಬಾರ್ಕ್ಲಿ ರಾಜನ ಸ್ವತ್ತೇ ಆಗಿತ್ತು. ಆಮೇಲೆ ಮನೆತನದ ಕೈಗೆ ವಾಪಸ್ ಬಂತು, ಇಂದಿಗೂ ಅದೇ ಬಾರ್ಕ್ಲಿಗಳು ಅಲ್ಲಿದ್ದಾರೆ. ಹೊರಗೋಡೆಯಲ್ಲಿ ಒಂದು ದೊಡ್ಡ ಬಿರುಕು ಕಾಣಿಸುತ್ತದೆ. ಅಂತರ್ಯುದ್ಧದಲ್ಲಿ ಒಡೆದದ್ದು ಅದು. ರಿಪೇರಿ ಮಾಡಕೂಡದು ಎಂಬ ಕರಾರಿನ ಮೇಲೆ ಕ್ಯಾಸಲ್ ಮನೆತನಕ್ಕೆ ಉಳಿಯಿತು.

ಥಾರ್ನ್‌ಬರಿ ಈಗ ಹೋಟೆಲು. ಟಿಕೆಟ್ ಕೊಟ್ಟು ನೋಡುವ ಜಾಗ ಅಲ್ಲ. ಒಂದು ರಾತ್ರಿ ತಂಗುವುದು ದುಬಾರಿ. ಮಧ್ಯಾಹ್ನದ ಚಹಾಕ್ಕೆ ಮುಂಗಡ ಬುಕ್ ಮಾಡಿದರೆ ಒಳಗೆ ಕೂತು ಬರಬಹುದು. ಹೆಬ್ಬಾಗಿಲ ಮೇಲೆ 1511 ಎಂದು ಕೆತ್ತಿದ ಬರಹ ನೋಡಿ. ಬಕಿಂಗ್‌ಹ್ಯಾಮ್‌ನ ಡ್ಯೂಕ್ ಎಡ್ವರ್ಡ್ ಸ್ಟಾಫರ್ಡ್ ಕಟ್ಟಿಸಲು ಶುರು ಮಾಡಿದ್ದು ಆಗ. ರಾಜನಿಗಿಂತ ಮೇಲೆ ಎದ್ದು ಕಾಣುವಂತೆ ಕಟ್ಟಿದರೆ ಏನಾಗುತ್ತದೆ ಎನ್ನುವುದಕ್ಕೆ ಅವನೇ ಸಾಕ್ಷಿ. 1521ರಲ್ಲಿ ಅವನ ತಲೆ ಹೋಯಿತು, ಅರ್ಧ ಕಟ್ಟಿದ ಕ್ಯಾಸಲ್ ಹೆನ್ರಿ ಪಾಲಾಯಿತು. 1535ರಲ್ಲಿ ಸವಾರಿ ಇಲ್ಲಿಂದ ಬ್ರಿಸ್ಟಲ್‌ಗೆ ಹೋಗಬೇಕಿತ್ತು. ಅಲ್ಲಿ ಪ್ಲೇಗ್ ಇದ್ದುದರಿಂದ ಬ್ರಿಸ್ಟಲ್‌ನವರೇ ಥಾರ್ನ್‌ಬರಿಗೆ ಬಂದರು. ರಾಜನಿಗೆ ಕೊಬ್ಬಿದ ಹತ್ತು ಎತ್ತು, ನಲವತ್ತು ಕುರಿ ತಂದಿದ್ದರು. ರಾಣಿಗೆ ಚಿನ್ನದ ಲೇಪದ ಬೆಳ್ಳಿ ಬಟ್ಟಲು, ಅದರಲ್ಲಿ ನೂರು ಮಾರ್ಕ್ (ಆ ಕಾಲದ ಹಣದ ಲೆಕ್ಕ).

ಆ್ಯಕ್ಟನ್ ಕೋರ್ಟ್‌ಗೆ ಅರ್ಧ ದಿನ ಕೊಡಿ

ಇಡೀ ದಾರಿಯಲ್ಲಿ ಒಂದೇ ಮನೆ ನೋಡಲು ಸಮಯ ಇದೆ ಅಂದರೆ ಇದನ್ನೇ ನೋಡಿ ಎನ್ನುತ್ತೇನೆ. ಐರನ್ ಆ್ಯಕ್ಟನ್ ಹಳ್ಳಿಯ ನಿಕೊಲಸ್ ಪಾಯಿಂಟ್ಜ್ ಆಗ ಇನ್ನೂ ಯುವಕ. ರಾಜ ರಾಣಿ ತನ್ನ ಮನೆಗೆ ಬರುತ್ತಾರೆ ಎಂದು ತಿಳಿದದ್ದೇ ತಡ, ಹಳೆಯ ಮನೆಗೆ ಹೊಸದೊಂದು ಪೂರ್ವದ ಭಾಗವನ್ನೇ ಕಟ್ಟಿಸಿದ. ಬರೀ ಒಂಬತ್ತು ತಿಂಗಳಲ್ಲಿ! ದಿಬ್ಬಣ ಬರುವ ಮುಂಚೆ ಮನೆಗೆ ಸುಣ್ಣ ಬಣ್ಣ ಬಳಿಸುವುದನ್ನು ನಾವೆಲ್ಲ ಕಂಡಿದ್ದೇವೆ, ಇಲ್ಲಿ ಮನೆಯೇ ಹೊಸದು. ಅದೂ ಒಂದೆರಡು ದಿನದ ಅತಿಥಿಗಳಿಗಾಗಿ.

ಮಹಡಿ ಹತ್ತಿದರೆ ಸಾಲಾಗಿ ದೊಡ್ಡ ಕೋಣೆಗಳು. ಇವುಗಳ ಕ್ರಮವೇ ಮುಖ್ಯ. ಮೊದಲನೆಯದರಲ್ಲಿ ಹೆಚ್ಚು ಜನರಿಗೆ ಪ್ರವೇಶ. ಮುಂದಿನದರಲ್ಲಿ ಇನ್ನೂ ಕಡಿಮೆ ಮಂದಿ. ಕೊನೆಯದು ರಾಜನ ಖಾಸಗಿ ಕೋಣೆ, ಅಲ್ಲಿಗೆ ತೀರಾ ಹತ್ತಿರದವರು ಮಾತ್ರ. ರಾಜ ಎಲ್ಲಿಗೆ ಹೋದರೂ ಈ ವ್ಯವಸ್ಥೆ ಹೀಗೇ ಇರಬೇಕಿತ್ತು. ಯಾವ ಬಾಗಿಲವರೆಗೆ ಬಿಟ್ಟುಕೊಂಡರು ಎನ್ನುವುದರ ಮೇಲೆ ಒಬ್ಬ ಮನುಷ್ಯನ ನಸೀಬು ಗೊತ್ತಾಗುತ್ತಿತ್ತು. ಗೈಡ್ ಮುಂದೆ ಹೋಗಲಿ, ನೀವು ಬಾಗಿಲುಗಳ ನಡುವೆ ನಿಂತು ಈ ಲೆಕ್ಕ ಹಾಕಿ ನೋಡಿ. ಗೋಡೆಯ ಮೇಲ್ಭಾಗದಲ್ಲಿ ಬಣ್ಣದ ಚಿತ್ರಪಟ್ಟಿ ಉಳಿದಿದೆ. ಇಟಲಿಯ ಹೊಸ ಶೈಲಿಯ ಬಳ್ಳಿ, ಹೂದಾನಿ ಚಿತ್ತಾರ. ಇಂಗ್ಲೆಂಡಿನ ಹಳ್ಳಿ ಮನೆಯೊಂದರಲ್ಲಿ 1535ಕ್ಕೇ ಇಂಥ ಕೆಲಸ ಅಂದರೆ ಅದನ್ನು ಲಂಡನ್ ಕಡೆಯ ಒಳ್ಳೆಯ ಕೈಗಳು ಮಾಡಿರಬೇಕು.

ಕೋಣೆಗಳಲ್ಲಿ ಮಂಚ ಕುರ್ಚಿ ಏನೂ ಇಲ್ಲ. ಅದೇ ಈ ಮನೆಯ ಭಾಗ್ಯ. ಪಾಯಿಂಟ್ಜ್‌ಗಳ ನಂತರ ಇದು ಗೇಣಿದಾರರ ಹೊಲಮನೆ ಆಯಿತು. ಯಾರೂ ದುಡ್ಡು ಸುರಿದು ಹೊಸದು ಮಾಡಲಿಲ್ಲ, ಹಾಗಾಗಿ ಹಳೆಯದು ಹಾಗೇ ಉಳಿಯಿತು. 20ನೇ ಶತಮಾನದ ಕೊನೆಯಲ್ಲಿ ದುರಸ್ತಿ ಮಾಡಿದವರು ಹೊಳಪು ಕೊಡದೆ, ಬೀಳದಂತೆ ಮಾತ್ರ ನಿಲ್ಲಿಸಿದರು. ಅಗೆತದಲ್ಲಿ ವೆನಿಸ್‌ನ ಗಾಜು, ಸ್ಪೇನ್‌ನ ಪಿಂಗಾಣಿ ಚೂರುಗಳು ಸಿಕ್ಕವು. ಆ ಔತಣಕ್ಕೆಂದೇ ತರಿಸಿದ್ದಿರಬಹುದು. ಪಾಯಿಂಟ್ಜ್‌ನ ಮುಖ ಹೇಗಿತ್ತು ಎಂದೂ ನಮಗೆ ಗೊತ್ತು. ಹೆನ್ರಿಯ ಆಸ್ಥಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಅವನ ರೇಖಾಚಿತ್ರ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಹೋಗುವ ಮುಂಚೆ ಮೊಬೈಲಿನಲ್ಲಿ ಇಳಿಸಿಕೊಂಡಿರಿ, ಆ ಕೋಣೆಯಲ್ಲಿ ನಿಂತು ನೋಡಲು.

ವುಲ್ಫ್ ಹಾಲ್‌ಗೆ ಹೋಗಬೇಡಿ, ಗ್ರೇಟ್ ಬೆಡ್ವಿನ್‌ಗೆ ಹೋಗಿ

ಸೆಪ್ಟೆಂಬರ್‌ನಲ್ಲಿ ಸವಾರಿ ವಿಲ್ಟ್‌ಶೈರ್‌ನ ವುಲ್ಫ್ ಹಾಲ್ ತಲುಪಿತು. ಜಾನ್ ಸೀಮೋರ್‌ನ ಮನೆ, ಜೇನ್ ಅವನ ಮಗಳು. ಹೆನ್ರಿ ಅವಳನ್ನು ಮೊದಲು ಕಂಡದ್ದು ಇಲ್ಲೇ ಎಂದು ಅನೇಕರು ಬರೆಯುತ್ತಾರೆ. ಅದು ಸರಿಯಲ್ಲ, ಜೇನ್ ಅದಕ್ಕೂ ಮುಂಚೆ ಅರಮನೆಯಲ್ಲಿ ರಾಣಿಯರ ಸೇವೆಯಲ್ಲಿದ್ದವಳು. ಆ ಕಾಲದ ಮನೆ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಅದೇ ಜಾಗದಲ್ಲಿರುವುದು ಖಾಸಗಿ ಮನೆ. ಗೇಟಿನ ಮುಂದೆ ನಿಂತು ಇಣುಕುವುದು ಸರಿಯಲ್ಲ. ಹತ್ತಿರದ ಗ್ರೇಟ್ ಬೆಡ್ವಿನ್ ಊರಿನ ಸೇಂಟ್ ಮೇರಿ ಚರ್ಚಿನಲ್ಲಿ ಜಾನ್ ಸೀಮೋರ್ ಸಮಾಧಿ ಇದೆ, ಕಲ್ಲಿನಲ್ಲಿ ಕವಚ ತೊಟ್ಟು ಮಲಗಿದ್ದಾನೆ. ಮಗಳು ರಾಣಿಯಾದ ವರ್ಷವೇ, 1536ರಲ್ಲೇ, ತಂದೆ ತೀರಿಕೊಂಡ. ಈ ಊರಿಗೆ ಪ್ಯಾಡಿಂಗ್ಟನ್‌ನಿಂದ ರೈಲಿದೆ, ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಚರ್ಚಿನ ಹುಂಡಿಗೆ ಒಂದೆರಡು ಪೌಂಡ್ ಹಾಕಿ, ಇಂಥ ಕಟ್ಟಡಗಳು ನಡೆಯುವುದು ಅದರ ಮೇಲೇ.

ವಿಂಚೆಸ್ಟರ್‌ನಲ್ಲಿ ಕೆಥೆಡ್ರಲ್ ಜೊತೆಗೆ ಹಳೆಯ ಕ್ಯಾಸಲ್‌ನ ಗ್ರೇಟ್ ಹಾಲ್ ನೋಡಿ. ಗೋಡೆಗೆ ತೂಗುಹಾಕಿದ ದೊಡ್ಡ ದುಂಡು ಮೇಜು ಇದೆ, ಅಡ್ಡಳತೆ ಸುಮಾರು 5.5 ಮೀಟರ್. ದಂತಕತೆಯ ಆರ್ಥರ್ ರಾಜನ ಮೇಜು ಎಂದು ಹೆಸರು. ಮರ 13ನೇ ಶತಮಾನದ್ದು, ಬಣ್ಣ ಬಳಿಸಿದ್ದು ಹೆನ್ರಿ. ನಡುವೆ ಟ್ಯೂಡರ್ ಗುಲಾಬಿ, ಆರ್ಥರ್ ಹೆಸರಿನ ಮೇಲೆ ಒಬ್ಬ ಗಡ್ಡದ ರಾಜ. 1522ರಲ್ಲಿ ಚಕ್ರವರ್ತಿ ಐದನೇ ಚಾರ್ಲ್ಸ್ ಬಂದಾಗ ಹೆನ್ರಿ ಅವನನ್ನು ಕರೆದುಕೊಂಡು ಹೋಗಿ ಇದನ್ನು ತೋರಿಸಿದ.

ಕೊನೆಗೆ ದಿ ವೈನ್

ಬೇಸಿಂಗ್‌ಸ್ಟೋಕ್‌ನಿಂದ ಟ್ಯಾಕ್ಸಿಯಲ್ಲಿ ಸ್ವಲ್ಪವೇ ದೂರ. ಹಳೆಯ ಮನೆಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ನೋಡಿಕೊಳ್ಳುವ ಮನೆ ಇದು. ಆಗ ಇದರ ಒಡೆಯ ವಿಲಿಯಂ ಸ್ಯಾಂಡ್ಸ್, ಹೆನ್ರಿಯ ಆಸ್ಥಾನದ ದೊಡ್ಡ ಅಧಿಕಾರಿ. ಅಕ್ಟೋಬರ್‌ನಲ್ಲಿ ರಾಜ ರಾಣಿ ಇಬ್ಬರೂ ಇಲ್ಲಿ ತಂಗಿದರು. ಓಕ್ ಗ್ಯಾಲರಿಯ ಉದ್ದಕ್ಕೂ ಗೋಡೆಗೆ ಕೆತ್ತಿದ ಮರದ ಹಲಗೆಗಳು. ಮಡಿಸಿದ ಬಟ್ಟೆಯ ಹಾಗೆ ಕೆತ್ತನೆ, ಮೇಲೆ ಕೆಳಗೆ ಲಾಂಛನಗಳು. ಅವುಗಳಲ್ಲಿ ದಾಳಿಂಬೆ ಹುಡುಕಿ. ಅದು ಹೆನ್ರಿಯ ಮೊದಲ ಹೆಂಡತಿ, ಆ್ಯರಗಾನ್‌ನ ಕ್ಯಾಥರಿನ್ ಗುರುತು. ಚಾಪೆಲ್‌ನ ಬಣ್ಣದ ಗಾಜಿನ ಕಿಟಕಿಯಲ್ಲೂ ಹೆನ್ರಿ, ಅವನ ಅಕ್ಕ ಮಾರ್ಗರೆಟ್ ಜೊತೆಗೆ ಕ್ಯಾಥರಿನ್ ಇದ್ದಾಳೆ. ಅವಳನ್ನು ತಳ್ಳಿ ಆ ಜಾಗಕ್ಕೆ ಬಂದ ಆ್ಯನ್ ಇದೇ ಮನೆಯಲ್ಲಿ ಅತಿಥಿಯಾಗಿದ್ದಳು. ಸ್ಯಾಂಡ್ಸ್ ಆ ಗುರುತುಗಳನ್ನು ಕಿತ್ತು ಹಾಕಲಿಲ್ಲ.

ಲಾಂಛನ ಓದಲು ಕಲಿತರೆ ಎಲ್ಲ ಮನೆಗಳಲ್ಲೂ ಉಪಯೋಗ. ದಾಳಿಂಬೆ ಕ್ಯಾಥರಿನ್‌ದು, ಗಿಡುಗ ಆ್ಯನ್‌ಳದ್ದು, ಬೆಂಕಿಯಿಂದೇಳುವ ಫೀನಿಕ್ಸ್ ಹಕ್ಕಿ ಜೇನ್‌ಳದ್ದು. ಹ್ಯಾಂಪ್ಟನ್ ಕೋರ್ಟ್‌ನ ಗ್ರೇಟ್ ಹಾಲ್‌ನಲ್ಲಿ ಹೆನ್ರಿ ಮತ್ತು ಆ್ಯನ್ ಹೆಸರಿನ ಮೊದಲಕ್ಷರಗಳು ಹೆಣೆದುಕೊಂಡಿರುವುದನ್ನು ಹುಡುಕಿದರೆ ಕಾಣುತ್ತದೆ. ಅವಳ ಗುರುತು ಅಳಿಸಲು ಬಂದವರ ಕಣ್ಣಿಗೆ ಅದು ಬೀಳಲಿಲ್ಲ.

ಒಳಗೆ ಹೋದಾಗ

ನ್ಯಾಷನಲ್ ಟ್ರಸ್ಟ್ ಮನೆಗಳ ಕೋಣೆಗಳಲ್ಲಿ ಸ್ವಯಂಸೇವಕರು ಇರುತ್ತಾರೆ. ಬಹಳಷ್ಟು ಮಂದಿ ನಿವೃತ್ತರು, ಕೇಳಿದರೆ ಖುಷಿಯಿಂದ ಹೇಳುತ್ತಾರೆ. ಅವರಿಗೆ ಒಂದು ಪ್ರಶ್ನೆ ತಪ್ಪದೆ ಕೇಳಿ: ಈ ಕೋಣೆಯಲ್ಲಿ 1535ಕ್ಕಿಂತ ಹಳೆಯದು ಏನಿದೆ? 19ನೇ ಶತಮಾನದ ವಿಕ್ಟೋರಿಯಾ ರಾಣಿಯ ಕಾಲದವರು ಹಳೆಯದರಂತೆ ಕಾಣುವ ಎಷ್ಟೋ ಹೊಸ ಕೆಲಸ ಮಾಡಿಸಿದ್ದಾರೆ, ನಮ್ಮ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಫ್ಲ್ಯಾಷ್ ಹಾಕದೆ ಫೋಟೊ ತೆಗೆಯಬಹುದು, ಕೆಲವು ಖಾಸಗಿ ಮನೆಗಳಲ್ಲಿ ಅದೂ ಬೇಡ ಎನ್ನುತ್ತಾರೆ. ಬೆನ್ನಿನ ಚೀಲವನ್ನು ಎದೆಗೆ ತಂದುಕೊಳ್ಳಿ ಎಂದರೆ ಬೇಸರ ಬೇಡ. ಹಳೆಯ ಮನೆಗಳ ಮೆಟ್ಟಿಲು ಕಡಿದು, ಸವೆದಿವೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮಹಡಿಗೆ ಲಿಫ್ಟ್ ಇದೆಯೇ ಎಂದು ಫೋನ್ ಮಾಡಿ ತಿಳಿದುಕೊಳ್ಳಿ, ಹೆಚ್ಚಿನ ಕಡೆ ಇರುವುದಿಲ್ಲ.

ಸಸ್ಯಾಹಾರಿಗಳಿಗೆ ಊಟದ ಚಿಂತೆ ಬೇಡ. ಇಂಥ ಕಡೆಯ ಟೀ ರೂಮುಗಳಲ್ಲಿ ತರಕಾರಿ ಸೂಪು, ಚೀಸ್ ಅಥವಾ ಬೀನ್ಸ್ ಹಾಕಿದ ಬೇಯಿಸಿದ ಇಡೀ ಆಲೂಗಡ್ಡೆ ಸಾಮಾನ್ಯವಾಗಿ ಸಿಗುತ್ತದೆ. ಮೊಟ್ಟೆ ತಿನ್ನದವರು ಸ್ಕೋನ್, ಕೇಕ್ ತೆಗೆದುಕೊಳ್ಳುವ ಮುಂಚೆ ಕೇಳಿ. ಮಧ್ಯಾಹ್ನ ಮೂರರ ಮೇಲೆ ಬಿಸಿ ಊಟ ಮುಗಿದಿರುವುದೇ ಹೆಚ್ಚು.

ಒಂದೇ ದಿನ ಸಿಕ್ಕರೆ

ಲಂಡನ್‌ನಲ್ಲಿ ಮಗ, ಮಗಳ ಮನೆಗೆ ಬಂದವರಿಗೆ ಇಡೀ ಸುತ್ತು ಆಗದೆ ಇರಬಹುದು. ಆಗ ಹ್ಯಾಂಪ್ಟನ್ ಕೋರ್ಟ್‌ಗೆ ಹೋಗಿ, ವಾಟರ್‌ಲೂದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ಸಾಕು. ಅಲ್ಲಿನ ಅಡುಗೆಮನೆಗಳನ್ನು ಮೊದಲು ನೋಡಿ. ಆರುನೂರು ಮಂದಿಗೆ ದಿನಕ್ಕೆರಡು ಹೊತ್ತು ಊಟ ಹೊರಡುತ್ತಿದ್ದ ಜಾಗ. ಇಷ್ಟು ಮಂದಿಯನ್ನು ಕಟ್ಟಿಕೊಂಡು ರಾಜ ಊರೂರು ಸುತ್ತಿದರೆ ಆತಿಥ್ಯ ಮಾಡಿದವರ ಗತಿ ಏನು ಎಂದು ಅಲ್ಲೇ ಅರ್ಥವಾಗುತ್ತದೆ, ಅಲ್ವಾ? ಬರ್ಮಿಂಗ್‌ಹ್ಯಾಮ್, ಕವೆಂಟ್ರಿ ಕಡೆ ಇರುವವರಿಗೆ ಕೆನಿಲ್‌ವರ್ತ್ ಹತ್ತಿರ. 2018ರಲ್ಲಿ ಅಲ್ಲಿಗೆ ಮತ್ತೆ ರೈಲು ಶುರುವಾಗಿದೆ. ಡಡ್ಲಿ ಎಲಿಜಬೆತ್‌ಗಾಗಿ ಕಟ್ಟಿಸಿದ ಎತ್ತರದ ಕಟ್ಟಡ ಈಗ ಬರೀ ಗೋಡೆ, ಆದರೆ ಒಳಗೆ ಹಾಕಿರುವ ಹೊಸ ಮೆಟ್ಟಿಲು ಹತ್ತಿ ಅವಳ ಕೋಣೆಗಳಿದ್ದ ಎತ್ತರಕ್ಕೆ ಹೋಗಬಹುದು. 1575ರ ತೋಟವನ್ನು ಅದನ್ನು ಕಂಡವನ ಪತ್ರದ ವಿವರ ಹಿಡಿದು 2009ರಲ್ಲಿ ಮತ್ತೆ ಮಾಡಿದ್ದಾರೆ. ಇದು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯದು. ಹೇಲ್ಸ್ ಅಬ್ಬೆ, ಗೇನ್ಸ್‌ಬರೊ ಓಲ್ಡ್ ಹಾಲ್‌ಗಳನ್ನೂ ಅದೇ ಸಂಸ್ಥೆ ನೋಡಿಕೊಳ್ಳುತ್ತದೆ. ಅವರ ಎರಡು ಮೂರು ಜಾಗ ನೋಡುವ ಯೋಚನೆ ಇದ್ದರೆ ಹೊರದೇಶದವರಿಗೆಂದು ಕೊಡುವ ಪಾಸ್ ಬೆಲೆಯನ್ನು ಬಿಡಿ ಟಿಕೆಟ್‌ಗಳ ಜೊತೆ ಹೋಲಿಸಿ ನೋಡಿ. ಅಲ್ಲೇ ನೆಲೆಸಿರುವವರಿಗೆ ವರ್ಷದ ಸದಸ್ಯತ್ವವೇ ಅಗ್ಗ ಬೀಳುತ್ತದೆ, ನೆಂಟರು ಬಂದಾಗಲೆಲ್ಲ ಹೋಗಬಹುದು.